ಮಣ್ಣಿನ ಲೆಕ್ಕ ಇಡುವವರಾರು?

ಶಾಲೆಯೊಂದರ ಸ್ಮರಣ ಸಂಚಿಕೆಯಲ್ಲಿ ವಿಷದ ಮಾತೇಕೆಂದು ವಾಚಕರು ಕೇಳಬಹುದು. ಶ್ರೀಮಠದ ಈ ವಿದ್ಯಾಸಂಸ್ಥೆಯಲ್ಲಿ ಓದಿದವರಲ್ಲಿ ಬಹುಪಾಲು ಜನ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಗದ್ದೆ ತೋಟಗಳಿಂದ ಬಂದವರು. ಇದನ್ನು ಪೋಷಿಸಿದ ದಾನಿಗಳ ಕಾಣಿಕೆಯೂ ಬಹುಮಟ್ಟಿಗೆ ಅಡಿಕೆ, ಭತ್ತಗಳಿಂದಲೇ ಹುಟ್ಟಿದ್ದು. ನಮ್ಮನ್ನು ಸಾಕಿದ ಮಣ್ಣಿನ ಆರೋಗ್ಯವನ್ನು ವಿಚಾರಿಸುವುದು ಇಂತಹ ಸಂಸ್ಥೆಯ ಕರ್ತವ್ಯಕ್ಕೆ ಹೊರತಾದುದಲ್ಲ. ಬೆಳೆಯಲ್ಲಿ, ಆಹಾರದಲ್ಲಿ ಬಹುಕಾಲ ಉಳಿಯುವ ರಾಸಾಯನಿಕಗಳ ಸಂಶೋಧನೆಗೆ ಹಣ ಒದಗಿಸುವ ಹೊಣೆ ಸರ್ಕಾರದ್ದು ಮಾತ್ರವೆಂದು ನಾವು ಕೈಕಟ್ಟಿ ಕುಳಿತಿರಲಾಗದು ಎಂಬುದೇ ಈ ಲೇಖನದ ಅಭಿಪ್ರಾಯ.

ಇದಕ್ಕೆ ದೂರದ ನಿದರ್ಶನಗಳನ್ನು ಹುಡುಕಬೇಕಾಗಿಲ್ಲ. ಸಾಗರದ ಸಮೀಪದ ಹಂದಿಗೋಡು ಗ್ರಾಮದ ಹೆಸರು ಒಂದು ರೋಗದ ಹೆಸರಾಗಿ ವೈದ್ಯಗ್ರಂಥಗಳನ್ನು ಸೇರಿದೆ. 1970ರ ದಶಕದ ನಡುವಿನಲ್ಲಿ ಅಲ್ಲಿಯ ಚನ್ನಂಗಿ ಮತ್ತು ಚಲವಾದಿ ಸಮುದಾಯಗಳ ಕೂಲಿಕಾರ ಕುಟುಂಬಗಳಲ್ಲಿ ಸೊಂಟ, ಮೊಣಕಾಲುಗಳ ಕೀಲು ಕೆಟ್ಟು, ದುಡಿಯುವ ವಯಸ್ಸಿನವರು ನಡೆಯಲಾರದೆ ಮೂಲೆ ಸೇರುತ್ತಿದ್ದುದು ಹೊರಜಗತ್ತಿನ ಗಮನಕ್ಕೆ ಬಂದಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಬಂದು ಪರೀಕ್ಷಿಸಿದರು. ಹೊಸ ಭತ್ತದ ತಳಿಗಳೊಡನೆ ಗದ್ದೆಗಿಳಿದಿದ್ದ ಎಂಡ್ರಿನ್, ಪ್ಯಾರಾಥಿಯಾನ್‌ಗಳಂತಹ ಕೀಟನಾಶಕಗಳ ಮೇಲೆ ಸಂಶಯ ಬಿದ್ದಿತು. ಅದೇ ಗದ್ದೆಗಳ ಏಡಿ ಬಡವರ ಆಹಾರವಾಗಿತ್ತು. ಮುಂದಿನ ಅಧ್ಯಯನಗಳು ಇದು ವಂಶಪಾರಂಪರ್ಯವಾಗಿ ಬರುವ ಮೂಳೆಯ ರೋಗವೆಂಬ ಕಡೆಗೆ ತಿರುಗಿದವು; ಇಂದು ವೈದ್ಯಲೋಕದ ಒಲವು ಆ ಕಡೆಗೇ ಇದೆ.

ಹಾಗಾದರೆ ಕೀಟನಾಶಕದ ಮಾತು ಮುಗಿಯಿತೆಂದು ಸುಮ್ಮನಾಗಬಹುದೇ? ಆಗದು. ಆಪಾದನೆಯನ್ನು ಸಿದ್ಧಪಡಿಸುವುದಕ್ಕಾಗಲಿ, ತಳ್ಳಿಹಾಕುವುದಕ್ಕಾಗಲಿ ಬೇಕಾದುದು ಒಂದೇ: ಗದ್ದೆಯ ಮಣ್ಣಿನಲ್ಲಿ, ನೀರಿನಲ್ಲಿ, ಏಡಿಯಲ್ಲಿ, ಮನುಷ್ಯನ ರಕ್ತದಲ್ಲಿ ಯಾವ ವರ್ಷ ಎಷ್ಟು ವಿಷವಿತ್ತು ಎಂಬ ಲೆಕ್ಕ. ಅಂತಹ ಲೆಕ್ಕ ವರ್ಷವರ್ಷವೂ ಬೆಳೆದು ಬಂದಿದ್ದರೆ ಹಂದಿಗೋಡಿನ ನೊಂದ ಕುಟುಂಬಗಳು ಉತ್ತರಕ್ಕಾಗಿ ದಶಕಗಟ್ಟಲೆ ಕಾಯಬೇಕಾಗುತ್ತಿರಲಿಲ್ಲ. ಎಂಡ್ರಿನ್ ಮಣ್ಣಿನಲ್ಲಿ ಹತ್ತು ವರ್ಷಕ್ಕೂ ಮೇಲ್ಪಟ್ಟು ಉಳಿಯಬಲ್ಲ ವಸ್ತು. 2001ರಲ್ಲಿ ರೂಪುಗೊಂಡ ಸ್ಟಾಕ್‌ಹೋಮ್ ಒಪ್ಪಂದವು ಮೊದಲು ಹೆಸರಿಸಿದ 12 ರಾಸಾಯನಿಕಗಳಲ್ಲಿ ಅದೂ ಒಂದು.

ಕಾಸರಗೋಡಿನ ಕಥೆಯೂ ಇದೇ ಪಾಠವನ್ನು ಹೇಳುತ್ತದೆ. ಅಲ್ಲಿ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಕನ್ನಡ ಮಾತನಾಡುವ ಪಡ್ರೆ ಗ್ರಾಮದಲ್ಲಿ ಅಸಹಜ ಕಾಯಿಲೆಗಳು ಹೆಚ್ಚುತ್ತಿರುವುದನ್ನು ಮೊದಲು ಗುರುತಿಸಿದವರು ಹಳ್ಳಿಯ ವೈದ್ಯರಾದ ಡಾ. ಮೋಹನ ಕುಮಾರರು, ಅದನ್ನು ನಾಡಿಗೆ ತಿಳಿಸಲು ಲೇಖನಿ ಹಿಡಿದವರು ಕೃಷಿ ಪತ್ರಕರ್ತ ಶ್ರೀ ಪಡ್ರೆಯವರು. ದೊಡ್ಡ ಸಂಸ್ಥೆಗಳು ಬಂದು ರಕ್ತ, ನೀರುಗಳನ್ನು ಅಳೆದದ್ದು ಆಮೇಲೆ. ಸಿಂಪಡಣೆ 2000ದಲ್ಲಿ ನಿಂತಿತು. ಸರ್ವೋಚ್ಚ ನ್ಯಾಯಾಲಯದ ನಿಷೇಧ ಬಂದದ್ದು 2011ರ ಮೇ ತಿಂಗಳಲ್ಲಿ. ಸಂಶೋಧನೆಯು ಅನಾಹುತದ ಹಿಂದಿನಿಂದ ಓಡಿಬರುವ ವಸ್ತುವಾದರೆ ಅದು ಮರಣೋತ್ತರ ಪರೀಕ್ಷೆಯಾಗುತ್ತದೆಯೇ ಹೊರತು ರಕ್ಷಣೆಯಾಗುವುದಿಲ್ಲ.

ಇನ್ನು ನಮ್ಮ ಅಡಿಕೆತೋಟಗಳ ವಿಚಾರ. ಹಿಂದೆ ಕೊಳೆರೋಗಕ್ಕೆ ಕೊನೆಗಳಿಗೆ ಕೊಟ್ಟೆ ಕಟ್ಟುವುದೇ ಉಪಾಯವಾಗಿತ್ತು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ನರು ಮೈಲುತುತ್ತ, ಸುಣ್ಣಗಳ ಬೋರ್ಡೋ ದ್ರಾವಣವನ್ನು ರೂಢಿಗೆ ತಂದು ಬೆಳೆಗಾರರ ಬದುಕನ್ನೇ ಉಳಿಸಿದರು. ಅದು ಸಂಸ್ಥಾನದ ಹಣದಿಂದ ನಡೆದ ಸಂಶೋಧನೆಯ ಫಲವೆಂಬುದನ್ನು ಮರೆಯಬಾರದು. ಆದರೆ ತಾಮ್ರ ಕರಗಿ ಇಲ್ಲವಾಗುವ ವಸ್ತುವಲ್ಲ. ನೂರು ಲೀಟರ್ ನೀರಿಗೆ ಹಾಕುವ ಒಂದು ಕಿಲೋ ಮೈಲುತುತ್ತದಲ್ಲಿ ಸುಮಾರು 250 ಗ್ರಾಂ ತಾಮ್ರವಿರುತ್ತದೆ. ಮಳೆಗಾಲದಲ್ಲಿ ಎರಡು ಮೂರು ಸಲದಂತೆ ತಲೆಮಾರುಗಳಿಂದ ಸಿಂಪಡಿಸಿದ ತಾಮ್ರದ ಬಹುಭಾಗ ಮೇಲ್ಮಣ್ಣಿನಲ್ಲಿ ಕೂಡುತ್ತದೆ. ಮಿತಿಮೀರಿದರೆ ಎರೆಹುಳುವಿಗೂ ಸೂಕ್ಷ್ಮಜೀವಿಗಳಿಗೂ ಮಾರಕ. ಯೂರೋಪಿನ ಒಕ್ಕೂಟವು ಏಳು ವರ್ಷಗಳಲ್ಲಿ ಒಂದು ಹೆಕ್ಟೇರಿಗೆ 28 ಕಿಲೋ ತಾಮ್ರದ ಮಿತಿಯನ್ನು ವಿಧಿಸಿದೆ. ನಮ್ಮ ತಾತಂದಿರ ತೋಟದಲ್ಲಿ ಇದುವರೆಗೆ ಎಷ್ಟು ಕೂಡಿದೆಯೆಂದು ನಮ್ಮಲ್ಲಿ ಎಷ್ಟು ಮಂದಿ ಹೇಳಬಲ್ಲೆವು? ಇದೇ ತೋಟಗಳ ನೀರು ಶರಾವತಿಗೆ, ವರದೆಗೆ, ತುಂಗೆಗೆ ಇಳಿಯುತ್ತದೆ. ನಾವು ನದಿಗಳ ತಲೆಯಲ್ಲಿ ಕುಳಿತವರು. ನಮ್ಮ ಅಜ್ಞಾನವೂ ಕೆಳಕ್ಕೆ ಹರಿಯುತ್ತದೆ.

ಹಣದ ಮಾತಿಗೆ ಬರೋಣ. ನಮ್ಮ ದೇಶ ಎಲ್ಲ ಬಗೆಯ ಸಂಶೋಧನೆಗೂ ಸೇರಿ ವೆಚ್ಚಮಾಡುವುದು, 2020-21ರ ಲೆಕ್ಕದಂತೆ, ರಾಷ್ಟ್ರೀಯ ಉತ್ಪನ್ನದ ಶೇಕಡ 0.64 ಮಾತ್ರ. 2023ರಲ್ಲಿ ಸ್ಥಾಪಿತವಾದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಐದು ವರ್ಷಗಳಲ್ಲಿ 50,000 ಕೋಟಿ ರೂಪಾಯಿಗಳ ಗುರಿಯಿದ್ದರೂ ಅದರ ಬಹುಭಾಗ ಸರ್ಕಾರೇತರ ಮೂಲಗಳಿಂದ ಬರಬೇಕೆಂಬ ನಿರೀಕ್ಷೆಯಿದೆ. ಅಮೆರಿಕದ ಮೇನ್ ಎಂಬ ಪುಟ್ಟ ರಾಜ್ಯದಲ್ಲಿ ಹೊಲಗಳಿಗೆ ಗೊಬ್ಬರವಾಗಿ ಹಾಕಿದ ಚರಂಡಿಯ ಕೆಸರಿನಿಂದ, ಎಂದೂ ಕೊಳೆಯದ ಪಿಎಫ್‌ಎಎಸ್ ರಾಸಾಯನಿಕಗಳು ಹಾಲಿಗೂ ನೀರಿಗೂ ಸೇರಿದುದು ಗೊತ್ತಾದಾಗ, 2022ರಲ್ಲಿ ಆ ಪದ್ಧತಿಯನ್ನು ನಿಷೇಧಿಸಿ ಆರು ಕೋಟಿ ಡಾಲರುಗಳ ನಿಧಿಯೊಂದನ್ನು ಮಾಡಲಾಯಿತು. ಆ ನಿಧಿ ರೈತನ ನಷ್ಟಕ್ಕೂ ಸಂಶೋಧನೆಗೂ ಒಟ್ಟಿಗೆ ಒದಗುತ್ತದೆ. ಪರೀಕ್ಷೆಗೆ ಮಣ್ಣು ಕೊಟ್ಟ ರೈತನೇ ಅಪರಾಧಿಯಾಗದಂತೆ ನೋಡಿಕೊಂಡ ಈ ವಿವೇಕ ಅನುಕರಣೀಯ.

ಏಕೆಂದರೆ ನಮ್ಮಲ್ಲಿ ಬರುವ ಮೊದಲ ಆಕ್ಷೇಪಣೆಯೇ ಅದು: ಪರೀಕ್ಷೆಯಲ್ಲಿ ಏನಾದರೂ ಕಂಡರೆ ಅಡಿಕೆಯ ಧಾರಣೆ ಬಿದ್ದೀತು, ಸುಮ್ಮನಿರುವುದೇ ಲೇಸು ಎಂದು. ಈ ಭಯ ನಿರಾಧಾರವಲ್ಲ. ಆದರೆ ಬಚ್ಚಿಟ್ಟ ರೋಗ ವಾಸಿಯಾಗುವುದಿಲ್ಲ. ನಮ್ಮ ಲೆಕ್ಕ ನಮ್ಮಲ್ಲಿಲ್ಲದಿದ್ದರೆ ಪರರು ಹೇಳಿದ್ದೇ ಲೆಕ್ಕವಾಗುತ್ತದೆ. ಪಾಠ ಹೇಳುವ ಶಾಲೆಗೆ ಇದೆಲ್ಲ ಏಕೆಂಬುದು ಎರಡನೆಯ ಆಕ್ಷೇಪಣೆ. ಕಣ್ಣೆದುರಿನ ಮಣ್ಣನ್ನು ಕ್ರಮವಾಗಿ ತೆಗೆದು, ದಿನಾಂಕ ಬರೆದು, ಸಿಂಪಡಣೆಯ ವಿವರ ಕೇಳಿ ದಾಖಲಿಸುವುದಕ್ಕಿಂತ ಉತ್ತಮವಾದ ವಿಜ್ಞಾನದ ಪಾಠ ಯಾವುದಿದೆ?

ಕೀಟನಾಶಕದ ಶೇಷಾಂಶವನ್ನು ಅಳೆಯುವ ಯಂತ್ರಗಳನ್ನು ಶಾಲೆ ಕೊಳ್ಳಲಾರದು, ಕೊಳ್ಳಬೇಕಾಗಿಯೂ ಇಲ್ಲ. ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲೇ ಕೆಳದಿ ಶಿವಪ್ಪನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ದಾನಿಗಳು ಒಂದು ಶಾಶ್ವತ ನಿಧಿಯನ್ನು ಇಡಲಿ. ಅದರ ಬಡ್ಡಿಯಿಂದ ಪ್ರತಿವರ್ಷ ಗೊತ್ತುಮಾಡಿದ ಅವೇ ಗದ್ದೆ, ತೋಟ, ಬಾವಿಗಳ ಮಾದರಿಗಳು ತಜ್ಞರ ಪರೀಕ್ಷೆಗೆ ಹೋಗಲಿ. ಎರಡು ನಿಯಮಗಳಿರಲಿ: ಔಷಧಿ ಮಾರುವ ಕಂಪನಿಗಳ ಹಣ ಬೇಡ, ಫಲಿತಾಂಶ ಯಾರಿಗೆ ಅಪ್ರಿಯವಾದರೂ ಕನ್ನಡದಲ್ಲಿ ಪ್ರಕಟವಾಗಲಿ.

ಶರಣರ ಪರಂಪರೆಯಲ್ಲಿ ದಾಸೋಹವೆಂದರೆ ಅನ್ನವಿಕ್ಕುವುದಷ್ಟೇ ಅಲ್ಲ, ಅರಿವನ್ನು ಹಂಚುವುದೂ ಹೌದು. ಇಕ್ಕುವ ಅನ್ನ ನಿರ್ಮಲವಾಗಿದೆಯೇ ಎಂದು ನೋಡುವುದು ಅದರ ಮೊದಲ ಷರತ್ತು. ಊರಿನ ವಿಷ ಮೊದಲು ಮುಟ್ಟುವುದು ಸಿಂಪಡಿಸುವ ಕೂಲಿಯವನನ್ನು, ಗದ್ದೆಯ ಏಡಿಯನ್ನು ನಂಬಿ ಬದುಕಿದವನನ್ನು. ಕಡೆಗೆ ಉತ್ತರ ತಲುಪುವುದೂ ಅವರಿಗೇ. ಈ ಕ್ರಮ ಬದಲಾಗಬೇಕು. ನಮ್ಮ ಮಕ್ಕಳು ತರುವ ಮಣ್ಣಿನ ಮಾದರಿಗಳಲ್ಲಿ ಮೊದಲನೆಯದು ಹಂದಿಗೋಡಿನ ಗದ್ದೆಯದಾಗಲಿ.