ಬಣ್ಣ ಬದಲಾದರಷ್ಟೇ ಸಾಲದು

ಬೆಳಕಿಗೆ ಬಣ್ಣ ಬದಲಿಸುವ ಪಾಲಿಮರ್ ಲೇಪನದ ಯೋಗ್ಯತೆಯನ್ನು ಅಳೆಯುವುದು ಹೇಗೆ? ನೇರಳಾತೀತ ದೀಪ ಹೊತ್ತಿಸಿದೊಡನೆ ಬಣ್ಣವಿಲ್ಲದ ಪದರ ಕಡುನೀಲಿಯಾದರೆ ನೋಡಿದವರು ಬೆರಗಾಗುತ್ತಾರೆ. ಆದರೆ ಮೊದಲ ಸಲ ಬಣ್ಣ ಬರಿಸುವುದು ಈ ವಿದ್ಯೆಯ ಸುಲಭದ ಭಾಗ. ಬಂದ ಬಣ್ಣ ಮರಳಿ ಹೋಗಬೇಕು, ಸಾವಿರಾರು ಸಲ ಹೋಗಿಬಂದರೂ ಕಸುವು ಕುಂದಬಾರದು. ಕಷ್ಟವಿರುವುದು ಅಲ್ಲಿ.

ಸ್ಪೈರೋಪೈರಾನ್ ಎಂಬ ವರ್ಣದ್ರವ್ಯವನ್ನೇ ನೋಡಿ. ಬೆಳಕಿಗೆ ಬಣ್ಣ ಬದಲಿಸುವ ಅದರ ಗುಣವನ್ನು ವಿಜ್ಞಾನಿಗಳಾದ ಫಿಶರ್ ಮತ್ತು ಹಿರ್ಷ್‌ಬರ್ಗ್ 1952ರಲ್ಲಿ ವರದಿ ಮಾಡಿದರು. ನೇರಳಾತೀತ ಕಿರಣ ತಾಗಿದಾಗ ಅಣುವಿನೊಳಗಿನ ಇಂಗಾಲ–ಆಮ್ಲಜನಕ ಬಂಧವೊಂದು ಕಡಿದು ಉಂಗುರ ಬಿಚ್ಚಿಕೊಳ್ಳುತ್ತದೆ. ಅಣು ಚಪ್ಪಟೆಯಾಗಿ ಗೋಚರ ಬೆಳಕನ್ನು ಹೀರತೊಡಗುತ್ತದೆ. ಶಾಖವೋ ಗೋಚರ ಬೆಳಕೋ ಉಂಗುರವನ್ನು ಮತ್ತೆ ಮುಚ್ಚುತ್ತದೆ. ಪ್ರತಿ ಸುತ್ತಿನಲ್ಲೂ ಕೆಲವು ಅಣುಗಳು ಗಾಳಿಯ ಆಮ್ಲಜನಕದೊಡನೆ ವರ್ತಿಸಿ ಹಾಳಾಗುತ್ತವೆ, ಪದರ ಮೆಲ್ಲಗೆ ಸೋಲುತ್ತದೆ.

ಇಲ್ಲಿ ಪಾಲಿಮರ್‌ನ ಪಾತ್ರ ದೊಡ್ಡದು. ಅಣು ಮಗ್ಗುಲಾಗಲು ಜಾಗ ಬೇಕು. ಪಾಲಿಮರ್ ತೀರಾ ಬಿಗಿಯಾದರೆ ಬದಲಾವಣೆ ನಿಧಾನ. ತೀರಾ ಮೆದುವಾದರೆ ಬಣ್ಣ ಬೇಗ ಮಾಸುತ್ತದೆ, ಆಮ್ಲಜನಕವೂ ಸಲೀಸಾಗಿ ಒಳನುಗ್ಗುತ್ತದೆ. ವರ್ಣದ್ರವ್ಯಕ್ಕೆ ಕೊಟ್ಟಷ್ಟೇ ಗಮನವನ್ನು ಅದು ನೆಲೆಸುವ ಪಾಲಿಮರ್‌ಗೂ ಕೊಡಬೇಕಾದದ್ದು ಈ ಕಾರಣಕ್ಕೆ. ಜಪಾನಿನ ವಿಜ್ಞಾನಿ ಮಸಾಹಿರೊ ಇರಿಯೆ ಬೆಳೆಸಿದ ವರ್ಣದ್ರವ್ಯಗಳಾದ ಡೈಅರೈಲ್‌ಈಥೀನ್‌ಗಳ ಹೆಗ್ಗಳಿಕೆಯೂ ತಾಳಿಕೆಯೇ: ಅವುಗಳಲ್ಲಿ ಹಲವು ಶಾಖಕ್ಕೆ ಬಣ್ಣ ಬಿಡುವುದಿಲ್ಲ, ಕೆಲವು 10,000 ಸುತ್ತುಗಳನ್ನೂ ದಾಟುತ್ತವೆ.

ಬಿಸಿಲಿಗೆ ಕಪ್ಪಾಗುವ ಪ್ಲಾಸ್ಟಿಕ್ ಕನ್ನಡಕ ಇನ್ನೊಂದು ಪಾಠ ಹೇಳುತ್ತದೆ. ಶಾಖ ಹೆಚ್ಚಿದಷ್ಟೂ ಅದರ ಅಣುಗಳು ಬೇಗ ಹಳೆಯ ರೂಪಕ್ಕೆ ಮರಳುವುದರಿಂದ, ಮಡಿಕೇರಿಯ ತಂಪಿನಲ್ಲಿ ಚೆನ್ನಾಗಿ ಕಪ್ಪಾಗುವ ಮಸೂರ ಕಲಬುರಗಿಯ ಬೇಸಿಗೆಯಲ್ಲಿ, ನೆರಳು ಹೆಚ್ಚು ಬೇಕಾದಾಗಲೇ, ಅಷ್ಟು ಕಪ್ಪಾಗದು. ತಣ್ಣನೆಯ ಕೋಣೆಯಲ್ಲಿ ತೇರ್ಗಡೆಯಾದ ಲೇಪನವನ್ನು ಕಾದ ತಾರಸಿಯ ಮೇಲೂ ಪರೀಕ್ಷಿಸಲೇಬೇಕು.

ಎಲ್ಲ ಲೇಪನವೂ ಮರಳಲೇಬೇಕೆ ಎಂದು ಕೇಳಬಹುದು. ಬಿದ್ದ ನೇರಳಾತೀತ ಕಿರಣದ ಒಟ್ಟು ಪ್ರಮಾಣ ತೋರಿಸುವ ಪಟ್ಟಿಗೆ ಮರಳುವುದೇ ದೋಷ, ನಿಜ. ಆದರೆ ಅದೂ ಇಂತಿಷ್ಟು ಬೆಳಕಿಗೆ ಇಂತಿಷ್ಟೇ ಬಣ್ಣ ಎಂಬ ಮಾತಿಗೆ ತಪ್ಪಬಾರದು. ಕೆಲಸ ಯಾವುದೇ ಇರಲಿ, ನಂಬಿಕೆಗೆ ಅರ್ಹವಾಗುವುದು ಮೊದಲೇ ಊಹಿಸಬಹುದಾದ ನಡತೆ. ಆದ್ದರಿಂದ ಹೊಸ ಲೇಪನವನ್ನು ಪರಿಚಯಿಸುವವರು ಬಣ್ಣದ ಚಿತ್ರಕ್ಕಿಂತ ಮೊದಲು ಅದು ಎಷ್ಟು ಸುತ್ತು, ಎಷ್ಟು ಬಿಸಿಲು, ಎಷ್ಟು ಶಾಖ ತಾಳಿತೆಂಬ ಲೆಕ್ಕವನ್ನು ಮುಂದಿಡಲಿ. ಕೊಳ್ಳುವವರೂ ಅದನ್ನೇ ಕೇಳಲಿ.