ಹಿಂದೆ ಕುಳಿತ ಗೆಳೆಯ

ರಜೆ ಬಂತೆಂದರೆ ನಮ್ಮ ಹುಡುಗರಿಗೆ ಗೆಳೆಯನೊಬ್ಬನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬೆಟ್ಟದ ಕಡೆ ಹೊರಡುವ ಹುರುಪು. ಹೋಗಕೂಡದೆಂದು ಹಿರಿಯರು ಗದರುತ್ತಾರೆ. ಹುಡುಗರು ಹೇಳದೆಯೇ ಹೋಗುತ್ತಾರೆ. ಅದಕ್ಕಿಂತ, ಘಟ್ಟದ ದಾರಿಯ ರೀತಿನೀತಿ ತಿಳಿಸಿ ಕಳುಹಿಸುವುದು ಮೇಲು.

ತಾಳವಾಡಿ ಸೀಮೆಯವರಿಗೆ ದಿಂಬಂ ಘಟ್ಟ ಹೊಸದಲ್ಲ. ಹಾಸನೂರು ದಾಟಿ ದಿಂಬಂ ತಲುಪಿದ ಮೇಲೆ ರಸ್ತೆಯು 27 ಕಡಿದಾದ ತಿರುವುಗಳಲ್ಲಿ ಸುತ್ತಿಕೊಂಡು ಬಣ್ಣಾರಿಗೆ ಇಳಿಯುತ್ತದೆ. ಆ ದಾರಿಯಲ್ಲಿ ನಾನೊಮ್ಮೆ ಗೆಳೆಯನ ಬೈಕಿನ ಹಿಂದೆ ಕುಳಿತು ಹೋಗಿದ್ದೆ. ದಿಂಬಂನಲ್ಲಿ ಚಹಾ ಕುಡಿದು ಹೊರಡುವಾಗ ಅವನು, "ಇನ್ನೆಲ್ಲಾ ಇಳಿಜಾರೇ ಕಣೋ. ಇಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಟ್ಟರೆ ಪೆಟ್ರೋಲ್ ಉಳಿಯುತ್ತೆ" ಎಂದ. "ಹಾಗಾದರೆ ನೀನು ನಡೆ, ನಾನು ಬಸ್ಸಿಗೆ ಬರ್ತೀನಿ" ಎಂದೆ. ಮುಖ ಸಪ್ಪಗಾದರೂ ಗಾಡಿಯನ್ನು ಎರಡನೇ ಗೇರಿಗೆ ಹಾಕಿದ. ಬಣ್ಣಾರಿಯವರೆಗೆ ಬ್ರೇಕಿಗೆ ಹೆಚ್ಚು ಕೆಲಸವೇ ಬೀಳಲಿಲ್ಲ.

ಕಾರಣ ಸರಳ. ಸಣ್ಣ ಗೇರಿನಲ್ಲಿರುವ ಇಂಜಿನ್ ತಾನೇ ಚಕ್ರದ ವೇಗವನ್ನು ತಡೆಯುತ್ತದೆ. ನ್ಯೂಟ್ರಲ್‌ನಲ್ಲಿ ಬಿಟ್ಟರೆ ಇಬ್ಬರ ಭಾರವೂ ಬ್ರೇಕಿನ ಮೇಲೆಯೇ ಬೀಳುತ್ತದೆ. ಬ್ರೇಕು ವೇಗವನ್ನು ಶಾಖವಾಗಿ ಮಾರ್ಪಡಿಸುವ ಸಾಧನ. ಒಂದೇ ಸಮನೆ ಒತ್ತುತ್ತಿದ್ದರೆ ಅದು ವಿಪರೀತ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಹತ್ತನೆಯ ತಿರುವಿನಲ್ಲಿ ಹಿಡಿದದ್ದು ಇಪ್ಪತ್ತನೆಯದರಲ್ಲಿ ಹಿಡಿಯದೆ ಹೋಗಬಹುದು. ಆದುದರಿಂದಲೇ, ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು ಎನ್ನುವುದು ಅನುಭವಸ್ಥ ಚಾಲಕರ ಲೆಕ್ಕ.

ಇನ್ನು ಕೆಲವು ಮಾತುಗಳನ್ನೂ ನೆನಪಿಡಬೇಕು. ತಿರುವಿಗೆ ಮೊದಲೇ ವೇಗ ತಗ್ಗಿಸಬೇಕು, ತಿರುವಿನೊಳಗೆ ಹೋಗಿ ಬ್ರೇಕ್ ಒತ್ತಬಾರದು. ಕಡಿದಾದ ರಸ್ತೆಯಲ್ಲಿ ಹತ್ತಿ ಬರುವ ವಾಹನಕ್ಕೆ ಮೊದಲು ದಾರಿ ಬಿಡಬೇಕೆಂಬುದು ಸಂಚಾರ ನಿಯಮ. ಲಾರಿ, ಬಸ್ಸುಗಳು ತಿರುಗಲು ಇಡೀ ರಸ್ತೆಯನ್ನೇ ಬಳಸುತ್ತವೆ. ಅಲ್ಲಿ ನುಸುಳಿ ಮುಂದೆ ಹೋಗುವುದು ಸಲ್ಲದು. ಹೆಲ್ಮೆಟ್ ಓಡಿಸುವವನಿಗೆ ಮಾತ್ರವಲ್ಲ, ಹಿಂದೆ ಕುಳಿತವನಿಗೂ ಬೇಕೆಂದು 1988ರ ಮೋಟಾರು ವಾಹನ ಕಾಯಿದೆಯೇ ಹೇಳುತ್ತದೆ. 2013ರಿಂದ ಸತ್ಯಮಂಗಲದ ಈ ಕಾಡು ಹುಲಿ ಸಂರಕ್ಷಿತ ಪ್ರದೇಶ. ರಾತ್ರಿ ಸಂಚಾರಕ್ಕೆ 2022ರಲ್ಲಿ ಮದ್ರಾಸ್ ಹೈಕೋರ್ಟ್ ನಿರ್ಬಂಧ ವಿಧಿಸಿತು. ಹೊತ್ತು ಮುಳುಗುವ ಮೊದಲೇ ಘಟ್ಟ ದಾಟಿಬಿಡುವುದು ಕ್ಷೇಮ. ಆನೆ ಕಂಡರೆ ದೂರದಲ್ಲೇ ನಿಲ್ಲಿ. ಹಾರನ್ ಹೊಡೆಯುವುದೂ ಬೇಡ, ಫೋಟೋ ತೆಗೆಯಲು ಇಳಿಯುವುದೂ ಬೇಡ.

ಹಿಂದೆ ಕುಳಿತವನು ಬರಿಯ ಹೊರೆಯಲ್ಲ. ಓಡಿಸುವವನು ಉತ್ಸಾಹದಲ್ಲಿ ಮೈಮರೆತಾಗ "ನಿಧಾನ" ಎನ್ನುವ ಹಕ್ಕು ಅವನದು. ಆ ಮಾತನ್ನು ಕೇಳುವುದು ಓಡಿಸುವವನ ಧರ್ಮ, ಏಕೆಂದರೆ ಅವನ ಕೈಯಲ್ಲಿರುವುದು ಎರಡು ಮನೆಗಳ ಮಕ್ಕಳ ಜೀವ. "ಇನ್ನೂ ಜೋರಾಗಿ ಓಡಿಸೋ" ಎಂದು ಹುರಿದುಂಬಿಸುವವನು ಎಷ್ಟೇ ಆತ್ಮೀಯನಾದರೂ ಘಟ್ಟದ ದಾರಿಗೆ ತಕ್ಕ ಜೊತೆಗಾರನಲ್ಲ.

ತಂದೆತಾಯಿಗಳೇ, ಮಗ ಬೈಕಿನ ಕೀಲಿ ಕೇಳಿದಾಗ "ಎಲ್ಲಿಗೆ?" ಎಂದು ಕೇಳುತ್ತೀರಿ. "ಯಾರ ಜೊತೆ?" ಎಂಬುದನ್ನೂ ಕೇಳಿ.