ಬಾಂದು ಕಲ್ಲಿಗೆ ಇಬ್ಬರ ಒಪ್ಪಿಗೆ ಬೇಕು

ಹದ್ದುಬಸ್ತಿಗೆ ಅರ್ಜಿ ಹಾಕಿ, ಭೂಮಾಪಕರು ಬಂದು ಅಳೆದು ಕಲ್ಲು ತೋರಿಸಿ ಹೋದ ಮೇಲೂ ಜಗಳ ಮುಗಿಯದ ಹೊಲಗಳು ಯಾವ ತಾಲ್ಲೂಕಿಗೆ ಹೋದರೂ ಸಿಗುತ್ತವೆ. ಪಕ್ಕದವರಿಗೆ ಸಮಾಧಾನ ಆಗದಿದ್ದರೆ ನೆಟ್ಟ ಕಲ್ಲು ಮುಂದಿನ ಉಳುಮೆಗೆ ಕಾಣೆಯಾಗುತ್ತದೆ. ಸರ್ಕಾರಿ ಅಧಿಕಾರಿ ನೆಡಿಸಿದ ಗಡಿಗುರುತನ್ನು ಕೀಳುವುದು ಒಂದು ವರ್ಷದವರೆಗೆ ಜೈಲಿಗೆ ಕಳಿಸಬಹುದಾದ ಅಪರಾಧವೇನೋ ಹೌದು. ಆದರೆ ಕಲ್ಲನ್ನು ಕಿತ್ತದ್ದು ಪಕ್ಕದವರೋ ಟ್ರ್ಯಾಕ್ಟರಿನ ನೇಗಿಲೋ ಎಂದು ಸಾಕ್ಷಿ ಹೇಳಲು ಊರಲ್ಲಿ ಯಾರು ಬರುತ್ತಾರೆ?

ಈಗ ಉಪಗ್ರಹದ ನೆರವಿನಿಂದ ಅಳೆಯುವ ರೋವರ್ ಬಂದಿದೆ, ಅಳತೆ ಸೆಂಟಿಮೀಟರ್ ಲೆಕ್ಕಕ್ಕೆ ಇಳಿದಿದೆ, ಇನ್ನು ತಕರಾರು ತಗ್ಗುತ್ತದೆ ಎಂಬ ಭರವಸೆ ಕಂದಾಯ ಇಲಾಖೆಯ ಸುತ್ತಮುತ್ತ ಕೇಳಿಬರುತ್ತಿದೆ. ನನಗೆ ಅಷ್ಟು ನಂಬಿಕೆಯಿಲ್ಲ. ನಮ್ಮ ಹಳೆಯ ಟಿಪ್ಪಣಿ ಪುಸ್ತಕಗಳ ಅಳತೆ ನಿಂತಿರುವುದು 33 ಅಡಿಯ ಸರಪಳಿಯ ಮೇಲೆ. ಆ ಸರಪಳಿಗೆ 16 ಆಣೆ. ಅಂದರೆ ಒಂದು ಆಣೆಗೆ ಎರಡು ಅಡಿಗಿಂತ ಸ್ವಲ್ಪ ಹೆಚ್ಚು. ಅಳೆದವರು ಬರೆದಿಟ್ಟದ್ದು ಸರಪಳಿ ಮತ್ತು ಆಣೆಗಳಲ್ಲಿ. ದಾಖಲೆಯ ಸೂಕ್ಷ್ಮತೆಯೇ ಎರಡು ಅಡಿಯ ಆಸುಪಾಸಿನಲ್ಲಿರುವಾಗ, ಒಂದು ಅಡಿಗಾಗಿ ಹೊಡೆದಾಡುವವರಿಗೆ ರೋವರ್ ಯಾವ ಸತ್ಯವನ್ನು ತೋರಿಸೀತು? ಹಳೆಯ ನಕ್ಷೆಯ ಮಸುಕನ್ನು ಅದು ಕರಾರುವಾಕ್ಕಾಗಿ ಗುರುತು ಮಾಡಿ ಕೊಡುತ್ತದೆ, ಅಷ್ಟೆ.

330 ಅಡಿ ಉದ್ದದ ಗಡಿಯಲ್ಲಿ ಒಂದು ಅಡಿ ಸರಿದರೆ ಆಗುವ ವ್ಯತ್ಯಾಸ 330 ಚದರಡಿ. ಗುಂಟೆಗೆ 1,089 ಚದರಡಿ, ಆ ಗುಂಟೆಗೂ 16 ಆಣೆ ಎಂಬ ಲೆಕ್ಕದಂತೆ ಐದು ಆಣೆಗೂ ಕಡಿಮೆ. ರಾಗಿ ಹೊಲದಲ್ಲಿ ಅದಕ್ಕಾಗಿ ಯಾರೂ ಕೋರ್ಟಿಗೆ ಹೋಗಬೇಕಿಲ್ಲ. ಅಡಿಕೆ ತೋಟದಲ್ಲಿ ಅದೇ ಜಾಗದಲ್ಲಿ ಒಂದು ಸಾಲು ಮರ ನಿಂತಿರಬಹುದು, ಹೆದ್ದಾರಿ ಪಕ್ಕದಲ್ಲಾದರೆ ಬೆಲೆಯ ಮಾತೇ ಬೇರೆ. ಮೊದಲು ಗಡಿಯಲ್ಲಿ ಅಗಲವಾದ ಬದು ಇತ್ತು, ಅದರ ಮೇಲೆ ಕತ್ತಾಳೆಯೋ ಕಳ್ಳಿಯೋ ಬೆಳೆದಿರುತ್ತಿತ್ತು. ಹುಲ್ಲನ್ನು ಇಬ್ಬರ ದನವೂ ಮೇಯುತ್ತಿದ್ದವು. ಕಲ್ಲುಕಂಬ ನೆಟ್ಟು ತಂತಿ ಬಲೆ ಎಳೆದ ಮೇಲೆ ಹಾಗೆ ಇಬ್ಬರಿಗೂ ಸೇರಿದ ಜಾಗ ಉಳಿಯಲಿಲ್ಲ. ಜೊತೆಗೆ ಬೇಲಿಗೆ ಸುರಿದ ದುಡ್ಡು ಮನುಷ್ಯನನ್ನು ಹಟಮಾರಿ ಮಾಡುತ್ತದೆ. ಅಳತೆಗೆ ಮೊದಲೇ ಬೇಲಿ ಹಾಕುವ ಚಾಳಿಗೆ ಕಾನೂನಿನ ಕುಮ್ಮಕ್ಕೂ ಇದೆ: 12 ವರ್ಷ ಎದುರಾಳಿ ಸುಮ್ಮನಿದ್ದರೆ ಪ್ರತಿಕೂಲ ಸ್ವಾಧೀನದ ವಾದ ಎತ್ತಬಹುದು.

ಇನ್ನೂ ದೊಡ್ಡ ತೊಡಕು ಪೋಡಿಯಾಗದ ಜಮೀನಿನದು. ಅಪ್ಪ ಬಾಯಿಮಾತಿನಲ್ಲಿ ಹಂಚಿಕೊಟ್ಟ, ಅಣ್ಣತಮ್ಮಂದಿರು ಹಾಗೇ ಉಳುತ್ತ ಬಂದರು, ಪಹಣಿಯಲ್ಲಿ ಮಾತ್ರ ಎಲ್ಲರ ಹೆಸರೂ ಒಟ್ಟಿಗೇ ನಿಂತಿದೆ. ಅಲ್ಲಿ ತಪ್ಪಿರುವ ಗಡಿಯನ್ನು ಸರಿಪಡಿಸುವ ಪ್ರಶ್ನೆಯೇ ಬರುವುದಿಲ್ಲ. ಕಾಗದದಲ್ಲಿ ಗಡಿಯೇ ಇಲ್ಲವಲ್ಲ! ಇಂಥ ಕಡೆ ಪ್ರತ್ಯೇಕ ನಕ್ಷೆಯಿಲ್ಲದೆ ಹದ್ದುಬಸ್ತು ಮಾಡುವುದಾದರೂ ಯಾವುದನ್ನು? ಕ್ರಯಪತ್ರದ ಚಕ್ಕುಬಂದಿ ನೋಡಿದರೆ ‘ಪೂರ್ವಕ್ಕೆ ಇಂಥವರ ಜಮೀನು’ ಎಂದಿರುತ್ತದೆ. ಆ ಇಂಥವರು ತೀರಿಕೊಂಡು ಎರಡು ತಲೆಮಾರು ಕಳೆದಿರುತ್ತದೆ.

ಹಾಗೆಂದು ನೆರೆಹೊರೆಯವರು ಒಪ್ಪಂದಕ್ಕೇ ಬರುವುದಿಲ್ಲ ಎಂದಲ್ಲ. ಹಿರಿಯರ ಎದುರು ಹಗ್ಗ ಹಿಡಿದು, ಛಾಪಾಕಾಗದದ ಮೇಲೆ ಕರಾರು ಬರೆದು, ಸಹಿ ಹಾಕಿಕೊಂಡವರು ಬೇಕಾದಷ್ಟಿದ್ದಾರೆ. ಆ ಕಾಗದ ಟ್ರಂಕಿಗೆ ಸೇರಿ, ಮಗನಿಗಾಗಲಿ ಜಮೀನು ಕೊಂಡವರಿಗಾಗಲಿ ಗೊತ್ತೇ ಆಗುವುದಿಲ್ಲ. ಅದರಿಂದ ಜಮೀನು ಒಬ್ಬರಿಂದ ಇನ್ನೊಬ್ಬರಿಗೆ ಹೋಗುವಂತಿದ್ದರೆ ನೋಂದಣಿಯಿಲ್ಲದೆ ಅದು ನಿಲ್ಲುವುದೂ ಇಲ್ಲ. 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಬಾಳುವ ಯಾವ ಸ್ಥಿರಾಸ್ತಿಗೂ ಇದೇ ಕಟ್ಟಳೆ. ಅಸ್ಪಷ್ಟವಾಗಿದ್ದ ಗಡಿಯನ್ನು ಇಬ್ಬರೂ ಸೇರಿ ಗುರುತಿಸಿಕೊಳ್ಳುವುದು ಬೇರೆ, ಜಮೀನನ್ನು ಬಿಟ್ಟುಕೊಡುವುದು ಬೇರೆ. ಈ ಮೊದಲನೆಯ ಬಗೆಯ ಒಪ್ಪಂದಕ್ಕೆ ಸರ್ವೆ ದಾಖಲೆಯಲ್ಲಿ ಒಂದು ಸುಲಭದ ಜಾಗ ಬೇಕು ಎಂಬುದು ನನ್ನ ವಾದ. ಅಳತೆಯ ದಿನ ಬರೆಯುವ ಮಹಜರಿನ ಜೊತೆಗೇ ಒಪ್ಪಿದ ಗೆರೆಯ ನಕ್ಷೆಗೂ ಇಬ್ಬರ ಸಹಿ ಹಾಕಿಸಬೇಕು. ಮುಂದೆ ಆ ಸರ್ವೆ ನಂಬರಿನ ನಕ್ಷೆ ತೆಗೆದವರಿಗೆಲ್ಲ ಅದು ಕಾಣಬೇಕು.

ಇದಕ್ಕೆ ಹೊಸ ಕಾಯ್ದೆಯೇ ಬೇಕೆಂದಿಲ್ಲ. ದಾವೆ ಹೂಡುವ ಮೊದಲೇ ವ್ಯಾಜ್ಯವನ್ನು ಲೋಕ ಅದಾಲತ್ತಿಗೆ ಒಯ್ಯಬಹುದು. ಅಲ್ಲಿನ ರಾಜಿಗೆ ಸಿವಿಲ್ ಕೋರ್ಟಿನ ಡಿಕ್ರಿಯ ಬಲವಿದೆ, ಮೇಲ್ಮನವಿಯಿಲ್ಲ. ತಡೆಯಾಜ್ಞೆಗಾಗಿ ವರ್ಷಗಟ್ಟಲೆ ಅಲೆದು, ಕೊನೆಗೆ ಕೋರ್ಟ್ ಕಮಿಷನರ್ ಬಂದು ಮತ್ತೆ ಅಳೆಯುವುದಕ್ಕಿಂತ ಇದು ಎಷ್ಟೋ ಅಗ್ಗ.

ಅಪಾಯವೂ ಇದೆ, ಅದನ್ನು ಮುಚ್ಚಿಡಬಾರದು. ಹಳ್ಳಿಯಲ್ಲಿ ‘ಒಪ್ಪಿದರು’ ಎಂದರೆ ಎಷ್ಟೋ ಸಲ ಒಪ್ಪಿಸಿದರು ಎಂದೇ ಅರ್ಥ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿನ ಪರಭಾರೆಗೆ 1978ರ ಪಿಟಿಸಿಎಲ್ ಕಾಯ್ದೆಯ ತಡೆಯಿದೆ; ಗಡಿ ಒಪ್ಪಂದದ ಹೆಸರಲ್ಲಿ ಅದನ್ನು ದಾಟುವುದು ಬಲಾಢ್ಯರಿಗೆ ಕಷ್ಟವೇನಲ್ಲ. ಊರಲ್ಲಿರುವ ಅಣ್ಣ ಸಹಿ ಹಾಕಿ, ಪಾಲು ಇರುವ ತಂಗಿಗೆ ಸುದ್ದಿಯೇ ತಲುಪದಿರುವುದೂ ಅಷ್ಟೇ ಸುಲಭ. ಆದ್ದರಿಂದ ಹಕ್ಕಿರುವ ಪ್ರತಿಯೊಬ್ಬರಿಗೂ ನೋಟಿಸು ಮುಟ್ಟಬೇಕು, ಸರಿಸಬಹುದಾದ ಗಡಿಗೆ ಹಳೆಯ ಅಳತೆಯ ತಪ್ಪಿನಷ್ಟೇ, ಅಂದರೆ ಆಣೆ ಲೆಕ್ಕದ ಮಿತಿ ಇರಬೇಕು. ಮಂಜೂರಾತಿ ಜಮೀನಿದ್ದರೆ ತಹಶೀಲ್ದಾರರು ಖುದ್ದು ವಿಚಾರಿಸದೆ ನಕ್ಷೆಗೆ ಮೊಹರು ಬೀಳಬಾರದು.